‘ಅಜ್ಜಾ, ನಿನ್ನ ಆಟ ಇಲ್ಲಿಗೆ ಮುಗಿಯಿತು!’: ಕಾರ್ಟೂನಿನ ಮಾತು ಮನೆಯೊಳಗೆ ಬಂದಾಗ

ಡಿಸೆಂಬರಿನ ಒಂದು ರಾತ್ರಿ. ಹಗಲಿಡೀ ಕೊನೆ ಕೊಯ್ದು, ಜಗಲಿ ತುಂಬ ಹಸಿ ಅಡಿಕೆ ಸುರಿದಿತ್ತು. ಮಾವ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿದ್ದರು, ಸುತ್ತ ನಾವು ಐದಾರು ಜನ. ಒಳಗೆ ಟಿವಿ. ಅದರ ಮುಂದೆ ಒಬ್ಬನೇ ಕೂತಿದ್ದ ನಮ್ಮನೆ ಮಾಣಿ, ಐದು ವರ್ಷದ ಹುಡುಗ, ಇದ್ದಕ್ಕಿದ್ದಂತೆ ಹೊರಗೆ ಬಂದ. ಬೆನ್ನ ಮೇಲೆ ಟವೆಲ್ಲು, ಕೈಯಲ್ಲಿ ಹಿಡಿಕಡ್ಡಿ. ಅಜ್ಜನ ಎದುರು ನಿಂತು ಬೆರಳು ತೋರಿಸಿ, “ಅಜ್ಜಾ, ನಿನ್ನ ಆಟ ಇಲ್ಲಿಗೆ ಮುಗಿಯಿತು! ಈಗ ನಿನ್ನನ್ನು ಯಾರೂ ಕಾಪಾಡಲಾರರು!” ಎಂದ.

ಶಿರಸಿಯಿಂದ ಹನ್ನೆರಡು ಕಿಲೋಮೀಟರು ಒಳಗಿರುವ, ಹವ್ಯಕ ಕನ್ನಡ ಮಾತಾಡುವ ಮನೆ ನಮ್ಮದು. ‘ಕಾಪಾಡಲಾರರು’ ಎಂಬ ಮಾತು ಅಲ್ಲಿಯವರೆಗೆ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. ‘ಅಜ್ಜಂಗೆ ಹೀಂಗೆಲ್ಲ ಹೇಳ್ತ್ಯನಾ’ ಎಂದು ಗದರಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಕೈಲಿದ್ದ ಅಡಿಕೆ ಕೆಳಗಿಟ್ಟು, ತಾಳಮದ್ದಲೆಯ ದನಿ ತೆಗೆದರು: “ಎಲವೋ ಬಾಲಕಾ! ಯಾರ ಮುಂದೆ ನಿಂತು ಯಾವ ಮಾತು ಆಡುತ್ತಿರುವೆ? ಎಪ್ಪತ್ತೆಂಟು ಮಳೆಗಾಲ ಕಂಡವನು ನಾನು!”

ಮಾಣಿ ಕಕ್ಕಾಬಿಕ್ಕಿ. ಅವ ನೋಡುವ ಕಾರ್ಟೂನಿನಲ್ಲಿ ಈ ಡೈಲಾಗು ಹೊಡೆದ ಮೇಲೆ ಎದುರಿನವ ಹಾರಿ ಬೀಳಬೇಕು. ಇಲ್ಲಿ ಎದುರಿನವ ಮಾತಾಡುತ್ತಿದ್ದಾನೆ! ಸ್ವಲ್ಪ ಹೊತ್ತು ಯೋಚಿಸಿ, ಸಣ್ಣ ದನಿಯಲ್ಲಿ, “ಅಜ್ಜಾ, ನೀ ಈಗ ಬೀಳವು” ಎಂದ. “ಆನೆಂತಕ್ಕೆ ಬೀಳವು?” ಎಂದು ಮಾವ. ಅಲ್ಲಿಂದ ಹತ್ತು ನಿಮಿಷ ಇಬ್ಬರದೂ ವಾದ, ಪೂರ್ತಿ ಹವ್ಯಕದಲ್ಲಿ. ಗ್ರಂಥಭಾಷೆ ಎಲ್ಲಿ ಹೋಯಿತೋ ಗೊತ್ತಿಲ್ಲ.

ಶಿರಸಿ ಪೇಟೆಯ ಬಾಲವಾಡಿಯೊಂದರಲ್ಲಿ ಹತ್ತು ವರ್ಷ ಸಣ್ಣ ಮಕ್ಕಳಿಗೆ ಕಲಿಸಿದವಳು ನಾನು. ತವರು ಘಟ್ಟದ ಕೆಳಗೆ, ಕುಮಟಾ ಕಡೆ. ಎರಡೂ ಕಡೆಯ ತಾಯಂದಿರು ಕೇಳುವ ಪ್ರಶ್ನೆ ಒಂದೇ: “ಟಿವಿ ನೋಡಿ ನಮ್ಮ ಮಗು ಹಾಗೇ ಮಾತಾಡ್ತದೆ, ಹಾಗೇ ಹೊಡೀತದೆ, ಏನು ಮಾಡೋದು?” ನಾನೂ ಮೊದಲು ‘ಟಿವಿ ಬಂದ್ ಮಾಡಿ’ ಎಂದೇ ಹೇಳುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಮಗು ಅನುಕರಣೆ ಮಾಡುವುದು ರೋಗವಲ್ಲ, ಕಲಿಯುವುದಕ್ಕೆ ಅದಕ್ಕಿರುವ ಮುಖ್ಯ ದಾರಿಯೇ ಅದು. ತೊಂದರೆ ಇರುವುದು ಟಿವಿ ಪೆಟ್ಟಿಗೆಯು ತಿರುಗಿ ಉತ್ತರ ಕೊಡುವುದಿಲ್ಲ ಎನ್ನುವಲ್ಲಿ. ಆ ಉತ್ತರ ಮನೆಯವರು ಕೊಡಬೇಕು. ಹೇಗೆ ಎಂಬುದನ್ನು, ನಾನು ಮಾಡಿ ನೋಡಿದ ಕ್ರಮದಲ್ಲೇ ಹೇಳುತ್ತೇನೆ.

1. ಮೊದಲು ಒಂದು ವಾರ ಬರೆದಿಡಿ

ಬೈಯುವ ಮೊದಲು, ಚಾನೆಲ್ ಬದಲಿಸುವ ಮೊದಲು, ಸುಮ್ಮನೆ ಗಮನಿಸಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರು ಅಡುಗೆಮನೆಯಲ್ಲಿ ಇದ್ದೇ ಇರುತ್ತದೆ, ಅದರಲ್ಲೇ ಗುರುತು ಹಾಕಿದರಾಯಿತು. ನನ್ನ ಕ್ಯಾಲೆಂಡರಿನ ಒಂದು ಜುಲೈ ವಾರ ಹೀಗಿತ್ತು:

ಸೋಮವಾರ ಬೆಳಿಗ್ಗೆ. ದೋಸೆ ತಟ್ಟೆ ಆಚೆ ನೂಕಿ “ಹಟೋ!” (ಆಚೆ ಸರಿ!) ಅರ್ಥ ಗೊತ್ತಿದ್ದೇ ಹೇಳಿದ್ದು.
ಸೋಮವಾರ ಸಂಜೆ. ಬೆಕ್ಕಿನ ಹತ್ತಿರ “ಚಿಂತಿಸಬೇಡ ಗೆಳೆಯಾ.”
ಬುಧವಾರ. ಎರಡು ದಿನದಿಂದ ಕರೆಂಟಿಲ್ಲ, ಟಿವಿ ಇಲ್ಲ. ಆದರೂ ಬಚ್ಚಲಲ್ಲಿ ಕಾರ್ಟೂನಿನ ಕಳ್ಳನ ನಗು, ನಾಲ್ಕು ಸಲ.
ಗುರುವಾರ. ತಂಗಿಯನ್ನು ಹಿಂದಿನಿಂದ ದೂಡಿದ. ಆಟದಲ್ಲಿ ಅಲ್ಲ, ಸಿಟ್ಟಿನಲ್ಲಿ.

ಬುಧವಾರದ ಗುರುತು ನೋಡಿ. ಎರಡು ದಿನ ಟಿವಿ ಇಲ್ಲದಿದ್ದರೂ ನಗು ಬಂತು. ಅನುಕರಣೆ ಆಗಿಂದಾಗಲೇ ಬರಬೇಕೆಂದಿಲ್ಲ. ಆ್ಯಂಡ್ರ್ಯೂ ಮೆಲ್ಟ್‌ಜಾಫ್ ಎಂಬ ಅಮೆರಿಕದ ಮನೋವಿಜ್ಞಾನಿ 1988ರಲ್ಲೇ ಇದನ್ನು ತೋರಿಸಿದ್ದರು: ಟಿವಿ ಪರದೆಯಲ್ಲಿ ಒಬ್ಬರು ಆಟಿಕೆಯೊಂದನ್ನು ಬಿಡಿಸುವುದನ್ನು ಕಂಡ 14 ತಿಂಗಳ ಕೂಸುಗಳು, 24 ತಾಸಿನ ನಂತರ ಅದೇ ಆಟಿಕೆ ಕೈಗೆ ಸಿಕ್ಕಾಗ ಹಾಗೆಯೇ ಮಾಡಿದವು. ‘ಇವತ್ತು ಟಿವಿ ಹಾಕಲೇ ಇಲ್ಲ, ಆದರೂ ಹೀಗೆ ಮಾಡ್ತಾನೆ’ ಎನ್ನುವವರು ನಿನ್ನೆಯದನ್ನೂ ಮೊನ್ನೆಯದನ್ನೂ ನೆನಪು ಮಾಡಿಕೊಳ್ಳಬೇಕು.

ವಾರ ಕಳೆದ ಮೇಲೆ ಬರೆದದ್ದನ್ನು ಮೂರು ಪಾಲು ಮಾಡಿ. ಅರ್ಥ ಗೊತ್ತಿಲ್ಲದೆ, ಶಬ್ದ ಚಂದ ಎಂದು ಹೇಳುವುದು ಗಿಳಿಮಾತು. ಟವೆಲ್ಲು ಕಟ್ಟಿಕೊಂಡು, ಪಾತ್ರವಾಗಿ ಹೇಳುವುದು ಆಟದ ಮಾತು. ತಟ್ಟೆ ನೂಕುವಾಗ, ತಂಗಿಗೆ ಹೊಡೆಯುವಾಗ, ಬೇಕಾದ್ದು ಸಿಗಲೆಂದು ಹೇಳುವುದು ಆಯುಧದ ಮಾತು. ಹೆಸರು ನಾನೇ ಇಟ್ಟದ್ದು. ಮೊದಲನೆಯದನ್ನು ಬಿಟ್ಟುಬಿಡಿ, ತಾನೇ ಉದುರುತ್ತದೆ. ಎರಡನೆಯದರ ಜೊತೆ ನೀವೂ ಆಡಿ. ಕೈ ಹಾಕಬೇಕಾದ್ದು ಮೂರನೆಯದಕ್ಕೆ ಮಾತ್ರ. ಬಹಳಷ್ಟು ಮನೆಗಳಲ್ಲಿ ಮೂರಕ್ಕೂ ಒಂದೇ ಬೈಗುಳ ಸಿಗುತ್ತದೆ, ಮಗುವಿಗೆ ತಪ್ಪಾದದ್ದು ಯಾವುದು ಎಂದೇ ತಿಳಿಯುವುದಿಲ್ಲ.

2. ಜೊತೆಗೆ ಕೂತು ಒಂದು ಕಥೆ ಪೂರ್ತಿ ನೋಡಿ

‘ಕಾರ್ಟೂನಲ್ವಾ, ಮಕ್ಕಳದ್ದೇ’ ಎಂದುಕೊಂಡು ನಾವು ಅಡುಗೆಮನೆಗೆ ಹೋಗುತ್ತೇವೆ. ನಮ್ಮ ಮಕ್ಕಳು ಹೊಟ್ಟೆ ಹಿಡಿದು ನಗುವ ಶಿನ್‌ಚಾನ್ ಜಪಾನಿನಲ್ಲಿ 1990ರಲ್ಲಿ ಶುರುವಾದದ್ದು ದೊಡ್ಡವರು ಓದುವ ವಾರಪತ್ರಿಕೆಯ ಚಿತ್ರಕಥೆಯಾಗಿ. ಐದು ವರ್ಷದ ಹುಡುಗನ ಬಾಯಲ್ಲಿ ದೊಡ್ಡವರ ಮಾತು ಹಾಕಿ ದೊಡ್ಡವರನ್ನು ನಗಿಸುವುದು ಅದರ ಉದ್ದೇಶ. ಆ ತಮಾಷೆಯನ್ನು ನಿಜವಾದ ಐದು ವರ್ಷದವ ನೋಡಿದರೆ ಅವನಿಗೆ ಕಾಣುವುದು ತಮಾಷೆಯಲ್ಲ, ತನ್ನದೇ ವಯಸ್ಸಿನ ಹುಡುಗ ಅಮ್ಮನಿಗೆ ಎದುರು ಮಾತಾಡಿ ಗೆಲ್ಲುವುದು.

ಒಂದು ಕಥೆ ಎಂದರೆ ಹನ್ನೊಂದು ನಿಮಿಷದ ಹತ್ತಿರ, ಅಷ್ಟೇ. ಮೊದಲ ಎರಡು ನಿಮಿಷ ಸೌಂಡ್ ಬಂದ್ ಮಾಡಿ ನೋಡಿ. ಮಾತಿಲ್ಲದೆ ಏನು ಕಾಣುತ್ತದೋ ಮೂರು ವರ್ಷದ ಮಗು ಹಿಡಿದುಕೊಳ್ಳುವುದು ಅದನ್ನೇ: ಯಾರು ಯಾರನ್ನು ಹೊಡೆದರು, ಬಿದ್ದವ ಎದ್ದನಾ, ಉಳಿದವರು ನಕ್ಕರಾ. ಆಮೇಲೆ ಸೌಂಡ್ ಹಾಕಿ, ಗಡಿಯಾರ ನೋಡಿ, ಒಂದು ನಿಮಿಷದಲ್ಲಿ ಜಾಗ ಎಷ್ಟು ಸಲ ಬದಲಾಗುತ್ತದೆ ಎಣಿಸಿ. 2011ರಲ್ಲಿ ಅಮೆರಿಕದಲ್ಲಿ ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದ್ದರು. ಒಂದು ಗುಂಪು ಸರಾಸರಿ 11 ಸೆಕೆಂಡಿಗೊಮ್ಮೆ ದೃಶ್ಯ ಬದಲಾಗುವ ಕಾರ್ಟೂನು ನೋಡಿತು, ಇನ್ನೊಂದು 34 ಸೆಕೆಂಡಿಗೊಮ್ಮೆ ಬದಲಾಗುವ ನಿಧಾನದ್ದನ್ನು, ಮೂರನೆಯದು ಚಿತ್ರ ಬರೆಯಿತು. ಬರೀ 9 ನಿಮಿಷ. ಆ ಕೂಡಲೆ ತಡೆದುಕೊಳ್ಳುವ, ನೆನಪಿಟ್ಟು ಮಾಡುವ ಕೆಲಸ ಕೊಟ್ಟರೆ ವೇಗದ ಕಾರ್ಟೂನಿನ ಗುಂಪು ಹಿಂದೆ ಬಿತ್ತು. ಟಿವಿ ಬಂದ್ ಮಾಡಿದ ಕೂಡಲೆ ‘ಬಾ, ಶಾಂತವಾಗಿ ಊಟಕ್ಕೆ ಕೂರು’ ಎಂದರೆ ಮಗು ಕುಣಿಯುವುದು ಇದಕ್ಕೇ ಇರಬಹುದು. ನಡುವೆ ಹತ್ತು ನಿಮಿಷ ಅಂಗಳಕ್ಕೆ ಬಿಡಿ.

ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದ್ದು, ಹೊಡೆದವನಿಗೆ ಕೊನೆಯಲ್ಲಿ ಏನು ಸಿಕ್ಕಿತು ಎಂಬುದನ್ನು. ಇಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಅವರ ವಿಷಯ ಹೇಳದಿದ್ದರೆ ಆಗದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಅವರು 72 ಸಣ್ಣ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. ಗಾಳಿ ತುಂಬಿದ ಗೊಂಬೆ, ಬುಡ ಭಾರ, ನಮ್ಮ ತಂಜಾವೂರು ಗೊಂಬೆಯ ಹಾಗೆ ತಳ್ಳಿದರೆ ಮತ್ತೆ ಎದ್ದು ನಿಲ್ಲುವಂಥದ್ದು. ದೊಡ್ಡವರೊಬ್ಬರು ಅದಕ್ಕೆ ಗುದ್ದಿದರು, ಮರದ ಸುತ್ತಿಗೆಯಿಂದ ಬಡಿದರು, ‘ಮೂಗಿಗೆ ಬಿಡು’, ‘ಮೇಲಕ್ಕೆಸೆ’ ಎಂದೆಲ್ಲ ಹೇಳಿದರು. ನೋಡಿದ ಮಕ್ಕಳಲ್ಲಿ ಹಲವು ಏಟನ್ನು ಮಾತ್ರ ಅಲ್ಲ, ಆ ಮಾತುಗಳನ್ನೂ ಹಾಗೆ ಹಾಗೇ ಎತ್ತಿಕೊಂಡವು. 1963ರಲ್ಲಿ ಅದನ್ನೇ ಸಿನಿಮಾ ಮಾಡಿ ತೋರಿಸಿದರು, ಇನ್ನೊಂದು ಗುಂಪಿಗೆ ಕಾರ್ಟೂನಿನಂತೆ ಮಾಡಿ ತೋರಿಸಿದರು. ಕಾರ್ಟೂನೆಂದರೆ ಬಿಡಿಸಿದ ಚಿತ್ರ ಅಲ್ಲ, ಕಪ್ಪು ಬೆಕ್ಕಿನ ವೇಷ ಹಾಕಿದ ಹೆಂಗಸು! ಆ ವೇಷ ನೋಡಿದ ಮಕ್ಕಳೂ ಗೊಂಬೆಗೆ ಬಡಿದವು.

ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅವರ 1965ರ ಪ್ರಯೋಗ. ಈ ಸಲ ಹೊಡೆದವನಿಗೆ ಒಂದು ಚಿತ್ರದಲ್ಲಿ ಬಹುಮಾನ, ಇನ್ನೊಂದರಲ್ಲಿ ಶಿಕ್ಷೆ, ಮತ್ತೊಂದರಲ್ಲಿ ಏನೂ ಇಲ್ಲ. ಶಿಕ್ಷೆ ನೋಡಿದ ಮಕ್ಕಳು ಕಡಿಮೆ ಅನುಕರಿಸಿದವು. ‘ಸರಿ, ಕೊನೆಯಲ್ಲಿ ಕೆಟ್ಟವನಿಗೆ ಶಿಕ್ಷೆ ಆಗ್ತದಲ್ಲ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ‘ಅವ ಮಾಡಿದ ಹಾಗೆ ಮಾಡಿ ತೋರಿಸಿದರೆ ಜ್ಯೂಸು, ಸ್ಟಿಕ್ಕರು ಕೊಡ್ತೇವೆ’ ಎಂದದ್ದೇ ತಡ, ಮೂರೂ ಗುಂಪಿನವು ಸಮಸಮವಾಗಿ ಮಾಡಿ ತೋರಿಸಿದವು. ಕಲಿಯುವುದು ಎಲ್ಲವೂ ಕಲಿತಾಗಿತ್ತು. ಹೊರಗೆ ಹಾಕಲು ಸಮಯ ನೋಡುತ್ತಿದ್ದವು, ಅಷ್ಟೇ.

ಆ ಬೆಕ್ಕಿನ ವೇಷದ ಸುದ್ದಿಯನ್ನು ಮಾವನಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಗುಣವಂತೆಯ ಕೆರೆಮನೆ ಯಕ್ಷಗಾನ ಮೇಳ 1934ರಿಂದ ಇದೆ. ಅದರ ಆಟ ನೋಡಿ ಬಂದ ಮರುದಿನ ಮಾವನೂ ಅವರ ತಮ್ಮಂದಿರೂ ಅಡಿಕೆ ಹಾಳೆಯ ಕಿರೀಟ ಮಾಡಿಕೊಂಡು, ಹಾಳೆಯದೇ ಕತ್ತಿ ಹಿಡಿದು ತೋಟದಲ್ಲಿ ದಿಗಣ (ತಿರುಗಿ ಹಾರುವ ಕುಣಿತ) ಹಾಕುತ್ತಿದ್ದರಂತೆ. ಒಮ್ಮೆ ತಮ್ಮನ ಹಲ್ಲೂ ಬಿತ್ತಂತೆ. “ಆದ್ರೆ ಆಟ ಮುಗಿದ ಮೇಲೆ ಎಂಟು ದಿನ ದೊಡ್ಡವ್ರು ಅದ್ನೇ ಮಾತಾಡ್ತಿದ್ರು. ಕೌರವ ಹೇಳಿದ್ದು ಸರಿಯಾ, ಭೀಮ ಹಂಗೆ ಮಾಡ್ಲಕ್ಕಾ ಹೇಳಿ. ಯಂಗ ಮೂಲೇಲಿ ಕೂತು ಕೇಳ್ತಿದ್ದ್ಯ” ಎಂದರು. ಕಾರ್ಟೂನು ಮುಗಿದ ಮೇಲೆ ನಮ್ಮನೆಯಲ್ಲಿ ಯಾರೂ ಅದರ ಬಗ್ಗೆ ಮಾತೇ ಆಡುತ್ತಿರಲಿಲ್ಲ.

3. ಭಾಷೆಗೆ ಬೈಯಬೇಡಿ, ನಿಮ್ಮ ಭಾಷೆಯಲ್ಲಿ ಉತ್ತರ ಕೊಡಿ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಕ್ಕಳಿಗೆ ಎರಡು ಮೂರು ಭಾಷೆ ಹೊಸದೇನಲ್ಲ. ಕಾರವಾರದ ಮಗು ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಭಟ್ಕಳದಲ್ಲಿ ನವಾಯತಿ. ನಮ್ಮಲ್ಲಿ ಹವ್ಯಕ, ಪೇಟೆಗೆ ಹೋದರೆ ಬೇರೆ ಕನ್ನಡ. ಯಾವ ಮಾತು ಯಾರ ಹತ್ತಿರ ಎಂಬುದನ್ನು ಮೂರು ವರ್ಷಕ್ಕೇ ಅವು ಲೆಕ್ಕ ಹಾಕಿರುತ್ತವೆ. ಹಾಗಾಗಿ ‘ಹಿಂದಿ ಬಂತು, ಕನ್ನಡ ಸತ್ತಿತು’ ಎಂದು ಒಂದು ‘ಹಟೋ’ಗೆ ಹೌಹಾರಬೇಕಿಲ್ಲ.

ಹಾಗೆಂದು ಸುಮ್ಮನೆ ಬಿಡುವ ವಿಷಯವೂ ಅಲ್ಲ. 2013ರಲ್ಲಿ ಬಾಂಗ್ಲಾದೇಶ ಸರ್ಕಾರ ಹಿಂದಿಗೆ ಡಬ್ ಆದ ಡೋರೇಮಾನ್ ಪ್ರಸಾರವನ್ನೇ ನಿಲ್ಲಿಸಿತು, ಮಕ್ಕಳು ಬಂಗಾಳಿ ಬಿಟ್ಟು ಹಿಂದಿ ಮಾತಾಡುತ್ತಿದ್ದಾರೆ ಎಂಬ ಕಾರಣಕ್ಕೆ. ನಮ್ಮ ಕಡೆಯೂ ಬಹಳ ವರ್ಷ ಕಾರ್ಟೂನು ಎಂದರೆ ಹಿಂದಿಯೇ. ಕನ್ನಡದ ಮಕ್ಕಳಿಗೆಂದು ಚಿಂಟು ಟಿವಿ ಬಂದದ್ದು 2009ರಲ್ಲಿ. ಕನ್ನಡಕ್ಕೆ ಡಬ್ ಮಾಡುವುದಕ್ಕೆ ದಶಕಗಳಿಂದ ಇದ್ದ ತಡೆ ಸರಿಯಲ್ಲ ಎಂದು ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಈಗ ಕೆಲವು ಮಕ್ಕಳ ಚಾನೆಲ್‌ಗಳಲ್ಲಿ ಭಾಷೆ ಬದಲಿಸಿಕೊಳ್ಳುವ ಸೌಲಭ್ಯ ಇದೆ. ರಿಮೋಟಿನಲ್ಲಿ ಆಡಿಯೋ ಅಥವಾ ಲ್ಯಾಂಗ್ವೇಜ್ ಬಟನ್ ಒತ್ತಿ ನೋಡಿ, ಕನ್ನಡ ಇದ್ದರೆ ಹಾಕಿಡಿ. ಎಷ್ಟೋ ಮನೆಗಳಲ್ಲಿ ಆ ಬಟನ್ನನ್ನು ಯಾರೂ ಮುಟ್ಟಿರುವುದೇ ಇಲ್ಲ.

ಕನ್ನಡ ಹಾಕಿದರೂ ಬರುವುದು ‘ಕಾಪಾಡಲಾರರು’ ಕನ್ನಡ, ಅದು ಬೇರೆ ಮಾತು. ನನಗೆ ಆ ಪುಸ್ತಕದ ಕನ್ನಡದ ಮೇಲೆ ದೂರಿಲ್ಲ. ಶಾಲೆಗೆ ಹೋದಾಗ ಪಾಠದಲ್ಲಿ ಸಿಗುವ ಶಬ್ದಗಳು ಮೊದಲೇ ಕಿವಿಗೆ ಬಿದ್ದಿರುತ್ತವೆ.

ಎರಡು ವರ್ಷದೊಳಗಿನ ಕೂಸಿನ ವಿಷಯ ಪೂರಾ ಬೇರೆ. ‘ಟಿವಿ ನೋಡಿ ಮಾತು ಬೇಗ ಬರ್ತದೆ’ ಎಂದು ನಂಬಿದವರಿಗೆ ಇದನ್ನು ಹೇಳಲೇಬೇಕು. 2003ರಲ್ಲಿ ಪೆಟ್ರೀಷಿಯಾ ಕುಲ್ ಎಂಬ ಸಂಶೋಧಕಿ ಮತ್ತು ಜೊತೆಗಾರರು ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಒಂದು ಗುಂಪಿನ ಮುಂದೆ ಮನುಷ್ಯರೇ ಕೂತು, ಪುಸ್ತಕ ತೋರಿಸಿ, ಆಟಿಕೆ ಹಿಡಿದು 12 ಸಲ ಮಾತಾಡಿದರು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಮಾತು, ಆದರೆ ಟಿವಿಯಲ್ಲಿ. ಮನುಷ್ಯರ ಮುಂದೆ ಕೂತವು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಟಿವಿ ನೋಡಿದವು ಏನೂ ಕಲಿಯಲಿಲ್ಲ.

ದೊಡ್ಡ ಮಕ್ಕಳಿಗೆ ಉತ್ತರ ಕೊಡುವುದು ಹೇಗೆ? ಕುಮಟಾದಲ್ಲಿ ನನ್ನ ಅಣ್ಣನ ಮಗಳು, ನಾಲ್ಕು ವರ್ಷದವಳು, ಒಂದು ಮಧ್ಯಾಹ್ನ ಅಡುಗೆಮನೆಗೆ ಬಂದು “ಮುಝೆ ಪಾನೀ ಚಾಹಿಯೇ” ಎಂದಳು. ನನ್ನ ಆಯಿ (ಅಮ್ಮ) ತಲೆಯೆತ್ತದೆ ಹೇಳಿದಳು: “ಪಾನಿ ಖರ್ಚಾತು. ನೀರಿದ್ದು, ಕೊಡ್ಲಾ?” ಕೂಸು ನಕ್ಕು, “ನೀರೇ ಕೊಡು” ಎಂದಿತು. ಅಷ್ಟೇ. ತಿದ್ದಲಿಲ್ಲ, ಬೈಯಲಿಲ್ಲ, ಹಿಂದಿಯಲ್ಲೂ ಉತ್ತರಿಸಲಿಲ್ಲ. ಇದನ್ನು ನೀವೂ ಮಾಡಬಹುದು: ಮಗು ಹೇಳಿದ್ದರ ಅರ್ಥ ಹಿಡಿದು, ಮನೆಮಾತಿನಲ್ಲಿ ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಮಾತು ಕೊಡಿ. ‘ದೇಖೋ, ಬಾರಿಶ್!’ ಎಂದರೆ, ‘ಹೌದಲೆ, ಮಳೆ ಬಂತು, ಅಂಗಳದಲ್ಲಿ ಹಪ್ಪಳ ಇದ್ದು, ಓಡು ಓಡು.’ ಮಾತಿನ ಜೊತೆ ಕೆಲಸ ಸೇರಿದರೆ ಶಬ್ದ ನಿಲ್ಲುತ್ತದೆ. ‘ಹಾಗೆ ಹೇಳಬಾರದು, ಮಳೆ ಹೇಳು, ಮ-ಳೆ’ ಎಂದು ಪಾಠ ಮಾಡಿದರೆ ಮಗು ಎದ್ದು ಮತ್ತೆ ಟಿವಿ ಮುಂದೆ ಹೋಗುತ್ತದೆ. ನಾನಾದರೂ ಹೋಗುತ್ತಿದ್ದೆ.

4. ನಗುವ ಮೊದಲು ಯೋಚಿಸಿ

ಇದು ನನ್ನದೇ ತಪ್ಪಿನ ಕಥೆ. ಮಾಣಿ ಮೂರೂವರೆ ವರ್ಷದವನಿದ್ದಾಗ, ಯಾವುದೋ ಕಾರ್ಟೂನಿನ ಕಳ್ಳ ಸೊಂಟಕ್ಕೆ ಕೈಯಿಟ್ಟು “ಅರೇ ಓ ಮೋಟೇ!” ಎನ್ನುವುದನ್ನು ಚೆನ್ನಾಗಿ ಕಲಿತಿದ್ದ. ನನಗೆ ನಗು ತಡೆಯಲಾಗದೆ ಮೊಬೈಲಿನಲ್ಲಿ ವಿಡಿಯೋ ಮಾಡಿ ವಾಟ್ಸಾಪ್ ಸ್ಟೇಟಸ್ ಹಾಕಿದೆ. ಬಂದವರೆಲ್ಲ ‘ಏ, ಒಂದ್ಸಲ ಮಾಡಿ ತೋರ್ಸು’. ಮಾಡಿ ತೋರಿಸಿದಾಗ ಚಪ್ಪಾಳೆ. ಹದಿನೈದು ದಿನ ಹೀಗೇ ನಡೆಯಿತು. ಆಮೇಲೆ ಒಂದು ಉಪನಯನದ ಮನೆಯಲ್ಲಿ, ದಪ್ಪಗಿದ್ದ ಹಿರಿಯರೊಬ್ಬರು ಊಟದ ಪಂಕ್ತಿಯಲ್ಲಿ ಕೂರುತ್ತಿದ್ದಂತೆ ಅದೇ ದನಿಯಲ್ಲಿ ಅದೇ ಮಾತು. ಪಂಕ್ತಿಯೆಲ್ಲ ಸ್ತಬ್ಧ. ಮನೆಗೆ ಬಂದು ನಾನು ಅವನಿಗೆ ಎರಡು ಕೊಟ್ಟೆ. ಅವ ಅಳುತ್ತಾ ಕೇಳಿದ್ದು, “ನೀನೇ ಮಾಡು ಹೇಳಿದ್ದೆ ಅಲ್ದಾ?”

ಬಂಡೂರ ಕೊಟ್ಟ ಜ್ಯೂಸು ಸ್ಟಿಕ್ಕರನ್ನು ನಾನು ಚಪ್ಪಾಳೆಯಲ್ಲಿ ಕೊಟ್ಟಿದ್ದೆ.

ಆದ್ದರಿಂದ ಕೆಟ್ಟ ಮಾತು ಮೊದಲ ಸಲ ಬಂದಾಗ ಮುಖದಲ್ಲಿ ಏನೂ ತೋರಿಸಬೇಡಿ, ನಗುವೂ ಬೇಡ, ಗಾಬರಿಯೂ ಬೇಡ. ಎರಡೂ ಮಗುವಿಗೆ ಬಹುಮಾನವೇ. ಮಾತು ಮತ್ತೆ ಬಂದರೆ ಬದಲಿ ಕೊಡಿ. ಸಿಟ್ಟು ಬಂದಾಗ ಹೇಳುವುದಕ್ಕೆ ಮಗುವಿಗೆ ಏನೋ ಒಂದು ಬೇಕು. ಅದು ಕಾರ್ಟೂನಿನಿಂದ ತಂದದ್ದೇ ಆಗಬೇಕಿಲ್ಲ. ‘ನಂಗೆ ಸಿಟ್ಟು ಬಂಜು’ ಎಂದು ಕಾಲು ಬಡಿಯಬಹುದು ಎಂದು ಹೇಳಿಕೊಟ್ಟೆವು. ಕಾಲು ಬಡಿದರೆ ಅಟ್ಟ ಅದುರುತ್ತದೆ, ಪರವಾಗಿಲ್ಲ. ಸ್ಟೇಟಸ್ ಹಾಕುವುದನ್ನಂತೂ ಪೂರಾ ಬಿಟ್ಟೆ.

5. ಹಾರುವುದು, ಹೊಡೆಯುವುದು

ಅಪಾಯ ಇರುವಲ್ಲಿ ಮಾತು ಕಡಿಮೆ, ಕೈ ಬೇಗ. ಕಾರ್ಟೂನಿನಲ್ಲಿ ಬಂಡೆ ಮೇಲೆ ಬಿದ್ದವ ಚಪ್ಪಟೆಯಾಗಿ ಮತ್ತೆ ಉಬ್ಬುತ್ತಾನೆ. ಆರೇಳು ವರ್ಷದವರೆಗೆ ಮಗುವಿಗೆ ಇದು ಚಿತ್ರದಲ್ಲಿ ಮಾತ್ರ ಎಂಬುದು ಗಟ್ಟಿಯಾಗಿ ತಲೆಗೆ ಕೂತಿರುವುದಿಲ್ಲ. ಕೇಳಿದರೆ ‘ಅದು ಸುಳ್ಳು’ ಎನ್ನುತ್ತದೆ. ಕೊಡೆ ಬಿಡಿಸಿಕೊಂಡು ಮನೆ ಹಿಂದಿನ ಧರೆ (ಎತ್ತರದ ಮಣ್ಣಿನ ದಂಡೆ) ಹತ್ತಿ ಹಾರುವುದೂ ಅದೇ ಮಗು. ನನ್ನ ಅಕ್ಕನ ಮಗ ಹಾರಿದ್ದ. ಕೊಡೆ ಮಗುಚಿತು, ಕಾಲು ಉಳುಕಿತು. ಕೆಳಗೆ ಕೊಟ್ಟಿಗೆಯ ಸೊಪ್ಪಿನ ರಾಶಿ ಇದ್ದದ್ದರಿಂದ ಅಷ್ಟಕ್ಕೇ ಮುಗಿಯಿತು.

ನಿಮ್ಮ ಮನೆಯ ಸುತ್ತ ಒಮ್ಮೆ ಮಗುವಿನ ಕಣ್ಣಲ್ಲಿ ತಿರುಗಿ. ಧರೆ, ಬಾವಿಕಟ್ಟೆ, ಹಳ್ಳದ ಸಂಕ, ಅಟ್ಟದ ಏಣಿ, ಮೆಟ್ಟುಗತ್ತಿ, ಕೊನೆಕತ್ತಿ. ಕರಾವಳಿಯವರಾದರೆ ಸಮುದ್ರ, ದೋಣಿ, ಬಲೆ. ಕತ್ತಿ ಎತ್ತಿಡಿ, ಏಣಿ ತೆಗೆದಿಡಿ. ನಿಯಮ ಹೇಳುವಾಗ ಒಂದೇ, ಸಣ್ಣದು: ‘ಆಟ ಅಂಗಳದಲ್ಲಿ ಮಾತ್ರ, ಕಾಲು ನೆಲದ ಮೇಲೆ.’ ಹೊಡೆದರೆ ಆಟ ಅಲ್ಲಿಗೇ ನಿಲ್ಲಬೇಕು, ಮೊದಲು ಪೆಟ್ಟು ತಿಂದವರ ಹತ್ತಿರ ಹೋಗಿ. ಸಾಮಾನ್ಯವಾಗಿ ನಾವು ಹೊಡೆದವನ ಕಡೆಗೇ ಓಡುತ್ತೇವೆ, ಗಮನವೆಲ್ಲ ಅವನಿಗೇ ಸಿಗುತ್ತದೆ.

ಚಿತ್ರ ಚಿತ್ರವೇ ಎಂದು ಹೇಳಿ ಅರ್ಥ ಮಾಡಿಸುವುದು ಕಷ್ಟ, ಮಾಡಿಸಿ ತೋರಿಸುವುದು ಸುಲಭ. ದಿನಕ್ಕೊಂದು ಹಾಳೆ ಹರಿಯುವ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಇಪ್ಪತ್ತು ಜೋಡಿಸಿ ಒಂದು ಬದಿ ಹೊಲಿಯಿರಿ. ಮೂಲೆಯಲ್ಲಿ ಕೊನೆಯ ಹಾಳೆಯಿಂದ ಶುರುಮಾಡಿ ಒಂದು ಕಡ್ಡಿಮನುಷ್ಯ ಬರೆಯಿರಿ. ಮುಂದಿನ ಹಾಳೆಯಲ್ಲಿ ಅದರ ಮೇಲೇ ಇಟ್ಟು, ನೆರಳು ಕಂಡ ಹಾಗೆ, ಕಾಲು ಒಂದು ಕೂದಲೆಳೆ ಮೇಲೆ. ಹೀಗೆ ಇಪ್ಪತ್ತು. ಹೆಬ್ಬೆರಳಲ್ಲಿ ಪಟಪಟ ಬಿಟ್ಟರೆ ಮನುಷ್ಯ ಹಾರುತ್ತಾನೆ. ನಮ್ಮನೆಯಲ್ಲಿ ಇದಕ್ಕೆ ಒಂದು ಮಳೆಗಾಲದ ಮಧ್ಯಾಹ್ನ ಪೂರ್ತಿ ಹೋಯಿತು. ಏಳನೇ ಹಾಳೆಯಲ್ಲಿ ಮಾಣಿ ಕಾಲು ಬರೆಯಲು ಮರೆತ, ಹಾಗಾಗಿ ನಮ್ಮ ವೀರ ಹಾರುವ ನಡುವೆ ಒಂದು ಕ್ಷಣ ಕುಂಟನಾಗುತ್ತಿದ್ದ. ಅದನ್ನು ನೋಡಿ ನೋಡಿ ನಕ್ಕು, ಆಮೇಲೆ ಅವನೇ ಕೇಳಿದ: “ಹಂಗಾರೆ ಟಿವಿಲೂ ಯಾರೋ ಬರದ್ದಾ?” ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ ಎಂದೆ. ಲೆಕ್ಕ ಅವನಿಗೆ ಅರ್ಥವಾಗಲಿಲ್ಲ, ಬೆರಳು ನೋವು ಅರ್ಥವಾಯಿತು. ಆ ಮೇಲೆ ಕಾರ್ಟೂನಿನಲ್ಲಿ ಯಾರಾದರೂ ಮೇಲಿಂದ ಬಿದ್ದರೆ “ಅವಂಗೆ ನೋವಾಗ್ತಿಲ್ಲೆ, ಪೆನ್ಸಿಲ್ಲಿಂದು” ಎನ್ನುತ್ತಾನೆ.

ಒಳ್ಳೆಯ ಅನುಕರಣೆಯನ್ನು ಬಳಸಿಕೊಳ್ಳಲು ನಾಚಿಕೆ ಬೇಡ. ಹೈದರಾಬಾದಿನ ಸ್ಟುಡಿಯೋದಲ್ಲಿ ತಯಾರಾಗಿ 2008ರಿಂದ ಬರುತ್ತಿರುವ ಛೋಟಾ ಭೀಮ ಲಾಡು ತಿಂದರೆ ಬಲ ಬರುತ್ತದೆ. ನಮ್ಮ ಎಳ್ಳುಂಡೆಗೂ ಅದೇ ಬಲ ಎಂದೆವು. ಉಂಡೆ ತಿಂದವ ನೀರಿನ ಸಣ್ಣ ಕೊಡಪಾನ ಎತ್ತಿ ತುಳಸಿಕಟ್ಟೆಗೆ ತರುತ್ತಾನೆ. ಎರಡನೇ ಉಂಡೆಗೆ ಎರಡನೇ ಕೊಡಪಾನ.

6. ಹೊತ್ತು

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ತಾಸು, ಕಡಿಮೆಯಾದಷ್ಟೂ ಒಳ್ಳೆಯದು. ಮೊಬೈಲೂ ಈ ಲೆಕ್ಕದಲ್ಲೇ ಸೇರುತ್ತದೆ. ಆಷಾಢದ ಜಡಿಮಳೆಯಲ್ಲಿ, ಅಡಿಕೆ ಸುಗ್ಗಿಯಲ್ಲಿ ನಮ್ಮಿಂದಲೂ ಈ ಲೆಕ್ಕ ತಪ್ಪಿದ್ದಿದೆ.

ನಿಮಿಷದ ಲೆಕ್ಕ ಮಗುವಿಗೆ ತಿಳಿಯದು, ಕಥೆಯ ಲೆಕ್ಕ ತಿಳಿಯುತ್ತದೆ. ‘ಎರಡು ಕಥೆ, ಆಮೇಲೆ ಆಸರಿಗೆ (ಕುಡಿಯಲು ಏನಾದರೂ)’ ಎಂದು ಮೊದಲೇ ಹೇಳಿ. ನಡುವೆ ಬಂದ್ ಮಾಡಬೇಡಿ, ಕಥೆ ಅರ್ಧಕ್ಕೆ ನಿಂತರೆ ನಮಗೂ ಸಿಟ್ಟೇ. ಬಂದ್ ಮಾಡುವ ಬಟನ್ ಮಗುವಿನ ಕೈಯಲ್ಲೇ ಒತ್ತಿಸಿ. ಯೂಟ್ಯೂಬಿನಲ್ಲಿ ಒಂದರ ಹಿಂದೆ ಒಂದು ತಾನೇ ಶುರುವಾಗುವುದನ್ನು ನಿಲ್ಲಿಸಿಡಿ. ಊಟದ ಹೊತ್ತಿಗೆ ಟಿವಿ ಬೇಡ, ಇದನ್ನು ಉದ್ದ ಹೇಳುವ ಅಗತ್ಯ ಇಲ್ಲ.

7. ಯಾವಾಗ ಡಾಕ್ಟರಿಗೆ ತೋರಿಸಬೇಕು

ಕಾರ್ಟೂನಿನ ಮಾತು ಹೇಳುವುದರ ಜೊತೆಗೆ ತನ್ನ ಮಾತೂ ಇದ್ದರೆ ಚಿಂತೆ ಬೇಡ. ಕಾರ್ಟೂನಿನ ಮಾತು ಮಾತ್ರ ಇದ್ದು, ‘ಹಸಿವಾಯ್ತಾ?’ ಎಂದು ಕೇಳಿದರೂ ಆ ಡೈಲಾಗೇ ಬಂದರೆ, ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಕಣ್ಣು ಕೂಡಿಸದಿದ್ದರೆ ತೋರಿಸಲೇಬೇಕು. ಒಂದು ವರ್ಷಕ್ಕೆ ತೊದಲು, ಬೆರಳು ತೋರಿಸುವುದು ಇಲ್ಲ, 16 ತಿಂಗಳಿಗೆ ಒಂದು ಶಬ್ದವೂ ಇಲ್ಲ, ಎರಡು ವರ್ಷಕ್ಕೆ ‘ಆಯಿ ಬಾ’ ಎನ್ನುವಂಥ ಎರಡು ಶಬ್ದದ ಸ್ವಂತ ಮಾತು ಇಲ್ಲ, ಕಲಿತ ಶಬ್ದ ಹೋಗಿಬಿಟ್ಟಿತು ಎಂದರೆ ‘ಅಪ್ಪನೂ ತಡವಾಗೇ ಮಾತಾಡಿದ್ದು’ ಎಂದು ಕಾಯಬೇಡಿ. ಕಿವಿ ಪರೀಕ್ಷೆಯೂ ಆಗಬೇಕು. ಟಿವಿ ಸೌಂಡ್ ಜೋರು ಇಟ್ಟುಕೊಳ್ಳುವ ಮಗುವಿಗೆ ಕೇಳಿಸದೇ ಇರಬಹುದು.

ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬರಬೇಕು, ಆಗ ಕಾರ್ಯಕರ್ತೆಗೆ ಹೇಳಿ ಮಗುವನ್ನು ಮುಂದೆ ಕೂರಿಸಿ. ಅವರು ಬರುವವರೆಗೆ ಕಾಯಲಾಗದಿದ್ದರೆ ತಾಲೂಕು ಆಸ್ಪತ್ರೆಯ ಮಕ್ಕಳ ವೈದ್ಯರು, ಅಲ್ಲಿಂದ ಕಾರವಾರದ ಜಿಲ್ಲಾ ಆಸ್ಪತ್ರೆ. ಮಾತು ಮತ್ತು ಶ್ರವಣಕ್ಕೆಂದೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ಮೊದಲ ವಾರ ಬರೆದ ಆ ಕ್ಯಾಲೆಂಡರ್ ಹಾಳೆ ತೆಗೆದುಕೊಂಡು ಹೋಗಿ. ಡಾಕ್ಟರು ಕೇಳುವ ಅರ್ಧ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ.

8. ಕಥೆ ತಿರುಗಿ ಹೇಳಿಸಿ

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಖರ್ಚಿಲ್ಲ, ಕರೆಂಟೂ ಬೇಡ. ಕಾರ್ಟೂನು ಮುಗಿದ ಮೇಲೆ, ಅದನ್ನು ನೋಡದ ಒಬ್ಬರಿಗೆ ಮಗು ಕಥೆ ಹೇಳಬೇಕು. ನೋಡದವರೇ ಆಗಬೇಕು, ಆಗ ಮಾತ್ರ ನಿಜವಾದ ಪ್ರಶ್ನೆ ಬರುತ್ತದೆ. ಹಿಂದಿಯಲ್ಲಿ ನೋಡಿದ್ದನ್ನು ಅಜ್ಜಿಗೆ ಕೊಂಕಣಿಯಲ್ಲಿ, ಹವ್ಯಕದಲ್ಲಿ, ಹಾಲಕ್ಕಿ ಕನ್ನಡದಲ್ಲಿ ಹೇಳಲು ಹೊರಟ ಮಗು ಶಬ್ದ ಹುಡುಕಲೇಬೇಕು. ಸಿಗದಿದ್ದರೆ ಅಜ್ಜಿಯೇ ಕೊಡುತ್ತಾಳೆ.

ಕೇಳುವಾಗ ‘ಇದರಿಂದ ಏನು ಕಲಿತೆ?’ ಎಂದು ಮಾತ್ರ ಕೇಳಬೇಡಿ. ಅಮೆರಿಕದಲ್ಲಿ ಬಾಲವಾಡಿ ಮಕ್ಕಳಿಗೆ ಒಂದು ಕಾರ್ಟೂನು ತೋರಿಸಿದ್ದರು, ಮೂರು ಕಾಲಿನ ನಾಯಿಯೊಂದನ್ನು ಉಳಿದವು ದೂರ ಇಟ್ಟು, ಕೊನೆಗೆ ಜೊತೆ ಸೇರಿಸಿಕೊಳ್ಳುವ ಕಥೆ. ನಮಗಿಂತ ಬೇರೆ ಇದ್ದವರನ್ನು ದೂರ ಮಾಡಬಾರದು ಎಂಬುದು ಅದರ ಆಶಯ. ಮಕ್ಕಳಲ್ಲಿ ಹಲವರು ಕಲಿತದ್ದು, ‘ಮೂರು ಕಾಲಿನ ನಾಯಿಗೆ ತೊಂದರೆ ಕೊಡಬಾರದು.’ ಹಾಗಾಗಿ ನೀತಿ ಬಿಟ್ಟು ಸಂಗತಿ ಕೇಳಿ. ಬಿದ್ದವನಿಗೆ ಯಾರು ಕೈ ಕೊಟ್ಟರು? ಅವ ಮನೆಗೆ ಹೋಗಿ ಆಯಿ ಹತ್ತಿರ ಏನು ಹೇಳಿದ? ನೀನಾಗಿದ್ದರೆ?

ಮಾವ ಈಗ ದಿನಾ ಸಂಜೆ, ಕವಳದ ಸಂಚಿ ಬಿಚ್ಚುತ್ತಾ ಕರೆಯುತ್ತಾರೆ: “ಬಾರಾ ಇಲ್ಲಿ, ಇವತ್ತೆಂತ ಆತು ಢೋಲಕ್‌ಪುರದಲ್ಲಿ?” ಢೋಲಕ್‌ಪುರ ಎಂದರೆ ಛೋಟಾ ಭೀಮನ ಊರು. ಮಾಣಿ ಕಾಲ ಮೇಲೆ ಕಾಲು ಹಾಕಿ ಶುರು ಮಾಡುತ್ತಾನೆ. ಕಳೆದ ವಾರ ಲಾಡಿನ ವಿಷಯ ಬಂತು. ಮಾವ ತಡೆದರು. ಅದು ಬೆಲ್ಲದ್ದೋ, ಸಕ್ಕರೆಯದ್ದೋ? ಮಾಣಿಗೆ ಗೊತ್ತಿರಲಿಲ್ಲ. ಬೆಲ್ಲದ್ದಲ್ಲದೆ ಅಷ್ಟು ಬಲ ಬರಲು ಸಾಧ್ಯವೇ ಇಲ್ಲ ಎಂದು ಮಾವ ಪಟ್ಟು ಹಿಡಿದರು. ಮಾಣಿ ಒಳಗೆ ಓಡಿ ಬಂದು ನನ್ನ ಸೆರಗು ಜಗ್ಗಿದ. ನಾಳೆ ಟಿವಿ ನೋಡುವಾಗ ಅಜ್ಜನೂ ಪಕ್ಕದಲ್ಲಿ ಕೂರಬೇಕಂತೆ.